ಬಲಪುಟದ ಮೇಲಿಟ್ಟ ಅಂಗೈ

ಕಾಕು, ನಿನ್ನ ಗಂಡ, ನನ್ನ ಕಾಕಾ, ಸತ್ತದ್ದು ನೀನು ಹಾಕಿದ ಉಪ್ಪಿನಿಂದಲ್ಲ. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಮಣ್ಣು ಮಾಡಿ ಬಂದ ಸಂಜೆ ಸೋದರತ್ತೆ ಎಲ್ಲರೆದುರು ನಿನಗೆ ಅಂದಳು: “ಉಪ್ಪು ತಿನಿಸಿ ತಿನಿಸಿ ನನ್ನ ತಮ್ಮನ್ನ ತಿಂದ್ಯಲ್ಲವ್ವಾ!” ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಕಾಕಾನ ಆರೈಕೆಯ ಲೆಕ್ಕ ಬರೆದಿಟ್ಟ ಡೈರಿ ನನ್ನ ಚೀಲದಲ್ಲೇ ಇತ್ತು — ಅದರಲ್ಲಿ ದಿನಕ್ಕೊಂದು ಸಾಲು: ‘ಕಾಕು ಕಾಕಾನಿಗೆ ಬೇರೆ ಒಗ್ಗರಣೆ ಹಾಕಿದಳು, ಉಪ್ಪಿಲ್ಲದ ಪಲ್ಯ.’ ತೆಗೆದು ತೋರಿಸಲಿಲ್ಲ. ತೋರಿಸಿದರೆ ಎದುರಿನ ಪುಟವೂ ಕಾಣುತ್ತಿತ್ತು.

ಕಾಕಾನಿಗೆ ಮೊದಲ ಸಲ ಎದೆನೋವು ಬಂದು, ಬಾಗಲಕೋಟೆಯ ದವಾಖಾನೆಯಿಂದ ಇಳಕಲ್ಲಿಗೆ ಮರಳಿದ ದಿನವೇ ಆ ಡೈರಿ ಶುರುಮಾಡಿದೆ. ಎಡಪುಟದಲ್ಲಿ ಗುಳಿಗೆ, ರಕ್ತದೊತ್ತಡ, ನಿನ್ನ ಅಡುಗೆ. ಬಲಪುಟದಲ್ಲಿ ಕಾಕಾ. ಮೊದಮೊದಲು ಅವನು ನನ್ನನ್ನು ಸಾಲಿಯ ಟೀಚರ್ ಮಾಡಿ ನಗುತ್ತಿದ್ದ: “ಬಂದ್ರಪ್ಪ ಲೆಕ್ಕದ ಅಕ್ಕೋರು! ಉಸರಾಡಿದ್ದೂ ಬರಕೋರಿ, ಒಂದ್ ತಪ್ಪೀತು.” ಆಮೇಲೆ ನಗು ನಿಂತಿತು. ಬಲಪುಟ ತುಂಬತೊಡಗಿತು — ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಲಾಳಿ ಮುಟ್ಟದೆ ಕುಳಿತ ದಿನ: ಇಪ್ಪತ್ತಾರು. ಅರ್ಧ ರೊಟ್ಟಿಗೆ ಎದ್ದದ್ದು: ಮೂವತ್ತೊಂದು. ‘ನಾ ಇದ್ದು ಏನ್ ಮಾಡೂದೈತಿ’ ಅಂದದ್ದು: ಒಂಬತ್ತು ಸಲ. ಒಂಬತ್ತು ಸಲ ಕೇಳಿ ಒಂಬತ್ತು ಗೀಟು ಹಾಕಿದೆ. ಒಮ್ಮೆಯಾದರೂ ಪೆನ್ನು ಕೆಳಗಿಟ್ಟು ಪಕ್ಕದಲ್ಲಿ ಕೂತೆನೇ — ಇಲ್ಲ.

ಏಳನೆಯ ವಾರ, ಗುರುವಾರ, ಅವನನ್ನು ತಪಾಸಣೆಗೆ ಕರೆದೊಯ್ದೆ. ನೀನು ಬರಲಿಲ್ಲ, ನಾನಿದ್ದೇನಲ್ಲ ಎಂಬ ಭರವಸೆ ನಿನಗೆ. ಡಾಕ್ಟರು ಎಡಪುಟ ನೋಡಿ ಮೆಚ್ಚಿದರು. ಆಮೇಲೆ ಕೇಳಿದರು: “ಮನಸ್ಸು ಹೆಂಗೈತ್ರಿ ಇವರ್ದು? ಹೃದಯದ ಬ್ಯಾನಿ ಆದವ್ರಿಗೆ ಮನಸ್ಸು ಕುಗ್ಗಿದ್ರ ಅದೂ ಬ್ಯಾನೀನ. ಜೀವಕ್ಕ ಅಪಾಯ ಹೆಚ್ಚಾಗ್ತೈತಿ. ಅದಕ್ಕೂ ಔಷಧ ಐತಿ, ಮುಚ್ಚಿಡಬ್ಯಾಡ್ರಿ.”

ಆ ಭಾನುವಾರ ನನ್ನನ್ನು ನೋಡಲು ಹುನಗುಂದದಿಂದ ಗಂಡಿನ ಕಡೆಯವರು ಬರುವವರಿದ್ದರು. ಬಾಗಿಲ ಹೊರಗೆ ಸರದಿಯಲ್ಲಿ ನಮ್ಮ ಓಣಿಯ ಇಬ್ಬರು ಕುಳಿತಿದ್ದರು. ಮನೆತನದಲ್ಲಿ ತಲೆ ಕೆಟ್ಟವರಿದ್ದಾರೆ ಅನ್ನುವ ಮಾತು ಹೊರಗೆ ಬಿದ್ದರೆ — ಮುಚ್ಚಿಡು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೇ ಹೊಳೆಯಿತು. ಬಲಪುಟದ ಮೇಲೆ ಅಂಗೈ ಊರಿ ಅಂದೆ:

“ಆರಾಮ ಅದಾರ್ರಿ.”

ಕಾಕಾ ನನ್ನ ಕೈಯನ್ನೇ ನೋಡಿದ. “ಲೆಕ್ಕದ ಅಕ್ಕೋರು ಹೇಳ್ಯಾರಲ್ರೀ, ಮುಗೀತು,” ಅಂದ. ನಗಲಿಲ್ಲ.

ಅದಾಗಿ ಹತ್ತೊಂಬತ್ತನೆಯ ದಿನ ಮತ್ತೆ ಎದೆನೋವು. ದವಾಖಾನೆ ಮುಟ್ಟಲಿಲ್ಲ.

ದಿನಕರ್ಮ ಮುಗಿದ ಮೇಲೆ ಮಗ್ಗದ ಕುಣಿ ಗುಡಿಸಲು ಇಳಿದವಳು ನಾನೇ. ಕಾಲಿನಿಂದ ತುಳಿಯುವ ಹಲಗೆಯ ಕೆಳಗೆ, ನೂಲಿನ ತುಂಡುಗಳ ನಡುವೆ, ಗುಳಿಗೆಗಳು. ನಲವತ್ತೆಂಟು. ದಿನಾ ನಾನು ಎಣಿಸಿದ್ದು ಗುಳಿಗೆ ಪಟ್ಟಿಯಲ್ಲಿ ಒಡೆದ ಗುಳ್ಳೆಗಳನ್ನು; ಅವನು ನುಂಗಿದ್ದನ್ನಲ್ಲ. ಡಾಕ್ಟರು ಮೆಚ್ಚಿದ ಎಡಪುಟವೂ ಸುಳ್ಳು! ಕಾಗದದಲ್ಲಿ ಸುತ್ತಿ ಗಟಾರಕ್ಕೆ ಎಸೆದೆ. ನೀನು ಪಡಸಾಲೆಯಲ್ಲಿ ಕುಳಿತು, “ಇನ್ನ ನಾ ಉಪ್ಪು ಮುಟ್ಟಂಗಿಲ್ಲವ್ವ,” ಅನ್ನುತ್ತಿದ್ದೆ.

ಆ ಸಂಬಂಧವೂ ಕೂಡಲಿಲ್ಲ. ಹುಡುಗಿ ಎತ್ತರ ಹೆಚ್ಚಾಯಿತು ಅಂದರಂತೆ. ಇಷ್ಟಕ್ಕಾಗಿ —

ಹೇಳಿದ್ದರೆ ಅವನು ಉಳಿಯುತ್ತಿದ್ದ ಎಂದು ಬರೆಯಲಾರೆ. ಅದು ನನಗೆ ಗೊತ್ತಿಲ್ಲ. ಅವನ ಮನಸ್ಸು ಹೇಗಿದೆ ಎಂದು ಕೇಳಿದವರು ಒಬ್ಬರೇ, ಅವರಿಗೆ ನಾನು ಸುಳ್ಳು ಹೇಳಿದೆ, ಅದು ಗೊತ್ತು. ಸೋದರತ್ತೆಯ ಮೇಲೆ ನನಗೆ ಸಿಟ್ಟಿದೆ. “ಗಂಡಸಿಗೆ ಎಂಥಾ ಚಿಂತಿ, ಎದ್ದು ಅಡ್ಡಾಡ್ಲಿ,” ಅಂದ ನನ್ನ ಅಪ್ಪನ ಮೇಲೆ ಸಿಟ್ಟಿದೆ. ಎಲ್ಲಕ್ಕಿಂತ ಹೆಚ್ಚು ಈ ನನ್ನ ದುಂಡು ಅಕ್ಷರದ ಮೇಲೆ.

ನಾಲ್ಕು ವರ್ಷದಿಂದ ನೀನು ಸಪ್ಪೆ ಉಣ್ಣುತ್ತಿದ್ದೀ. ನಾಳೆ ಅವನ ತಿಥಿಯ ಊಟಕ್ಕೆ ಎಲ್ಲರೂ ಬರುತ್ತಾರೆ, ಸೋದರತ್ತೆಯೂ. ಈ ಪತ್ರವನ್ನು ನಿನಗೆ ಇವತ್ತೇ ಕೊಡುತ್ತಿದ್ದೇನೆ — ನಾಲ್ಕು ಮಂದಿಯ ನಡುವೆ ನೀನು ಮೊದಲ ಸಲ ಕೇಳಬಾರದು. ನಾಳೆ ಬಡಿಸುವ ಮೊದಲು ಎದ್ದು ನಿಂತು ಡೈರಿಯ ಎರಡೂ ಪುಟ ಓದುತ್ತೇನೆ. ಆ ಗುರುವಾರವನ್ನೂ, ನಲವತ್ತೆಂಟು ಗುಳಿಗೆಯನ್ನೂ ಹೇಳುತ್ತೇನೆ. ಹೊರಗೆ ಹೋಗು ಅಂದರೆ ಹೋಗುತ್ತೇನೆ. ಉಪ್ಪಿನ ಬಟ್ಟಲು ಮಾತ್ರ ನಿನ್ನ ತಾಟಿನ ಪಕ್ಕ ಇಟ್ಟು ಹೋಗುತ್ತೇನೆ.