ಗಾಳೆಪ್ಪನ ಗೂಟದ ಹೆಬ್ಬಾವು

ಕುರುಗೋಡಿನ ಗುಡ್ಡದ ಬುಡದಲ್ಲಿ ಗಾಳೆಪ್ಪನಿಗೆ ಒಂದು ಜೋಳದ ಹೊಲ, ಹೊಲದ ತಲೆಗೆ ಒಂದು ದೊಡ್ಡ ಬಂಡೆ, ಬಂಡೆಯ ಸಂದಿಯಲ್ಲಿ ಒಂದು ಹೆಬ್ಬಾವು. ಮೂರೂ ಅವನಿಗೆ ಅಪ್ಪನಿಂದ ಬಂದವು. ಹೆಬ್ಬಾವು ಹೆಗ್ಗಣ ತಿನ್ನುತ್ತಿತ್ತು, ಗಾಳೆಪ್ಪ ಜೋಳ ತಿನ್ನುತ್ತಿದ್ದ, ಇಬ್ಬರಿಗೂ ಜಗಳವಿರಲಿಲ್ಲ. ಅದು ಬಂಡಿದಾರಿಗೆ ಅಡ್ಡ ಬಿದ್ದು ಬಿಸಿಲು ಕಾಯಿಸುತ್ತಿದ್ದರೆ ಬಂಡಿ ನಿಲ್ಲಿಸಿ, ಎಲೆ ಅಡಿಕೆ ಹಾಕಿಕೊಂಡು, ಅದು ಸರಿಯುವ ತನಕ ಕೂರುವುದು ಆ ಕಡೆಯ ರೂಢಿ. ಹಾವು ಕಂಡ ಕೂಡಲೇ ಬಡಿಗೆ ಹುಡುಕುವ ಅರೆಬುದ್ಧಿಯವರು ಆಗಿನ್ನೂ ಹುಟ್ಟಿರಲಿಲ್ಲ.

ಗಾಳೆಪ್ಪ ಮಾತಿನಲ್ಲಿ ಹುಲಿ. "ನಮ್ಮ ಹೊಲಕ್ಕ ಕಾವಲುಗಾರ ಅದಾನ, ಸಂಬಳ ಕೇಳಂಗಿಲ್ಲ" ಎಂದು ಸಂತೆಯಲ್ಲೆಲ್ಲ ಜಂಬ ಕೊಚ್ಚುತ್ತಿದ್ದ. ಹೆಂಡತಿ ಹೊನ್ನೂರಮ್ಮನ ಮುಂದೆ ಮಾತ್ರ ಆ ಹುಲಿ ಬಾಲ ಮಡಚುತ್ತಿತ್ತು.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿನ ಹೊಗೆ ಕಾರುತ್ತ ಓಡುತ್ತಿದ್ದವು. ಆ ವರ್ಷ ಹೊನ್ನೂರಮ್ಮನಿಗೆ ಚಳಿಜ್ವರ ಬಂದು ಕೈಬಿಟ್ಟು ಹೋಗುವ ಹಾಗಾಯಿತು. ಗಾಳೆಪ್ಪ ಹೊಲದ ಪಕ್ಕದ ಬೇವಿನ ಮರದ ಕೆಳಗಿನ ಊರಮ್ಮನ ಮುಂದೆ ಅಡ್ಡಬಿದ್ದು, "ಇಕಿ ಎದ್ದು ಕುಂತ್ರ ಒಂದು ಟಗರುಮರಿ ಕೊಡ್ತೀನಿ ತಾಯಿ" ಎಂದು ಗೊಳೋ ಎಂದು ಅತ್ತ. ಹೊನ್ನೂರಮ್ಮ ಎದ್ದು ಕೂತದ್ದಷ್ಟೇ ಅಲ್ಲ, ಮನೆ ಗುಡಿಸಿಲ್ಲವೆಂದು ಗಂಡನನ್ನು ಬೈದಳು ಕೂಡ.

ಮರಿ ತಂದದ್ದೇ ತಪ್ಪಾಯಿತು. ಅದು ಗಾಳೆಪ್ಪನ ಹಿಂದೆ ಹಿಂದೆಯೇ ತಿರುಗಿತು, ಅವನ ಕೈಯಿಂದ ವೀಳ್ಯದೆಲೆ ತಿನ್ನುವುದನ್ನು ಕಲಿಯಿತು. ಅವನಿಗೆ ಕೊಡಲು ಮನಸ್ಸೇ ಬರದಾಯಿತು.

ಹರಕೆಯ ಮರಿಯ ಬೆನ್ನಿಗೆ ಪೂಜಾರಿ ನೀರು ಚಿಮುಕಿಸಬೇಕು. ಅದು ಮೈ ಜಾಡಿಸಿದರೆ ಅಮ್ಮ ಒಪ್ಪಿದಳೆಂದು ಲೆಕ್ಕ. ಜಾಡಿಸದಿದ್ದರೆ ಮುಂದಿನ ಮಂಗಳವಾರ ನೋಡಬೇಕು. ಗಾಳೆಪ್ಪನ ಮರಿ ಯಾವ ಮಂಗಳವಾರವೂ ಜಾಡಿಸಲಿಲ್ಲ. "ಅಮ್ಮಗ ಇನ್ನೂ ಹಸಿವಾಗಿಲ್ಲ ಕಾಣ್ತೈತಿ" ಎಂದು ಅವನು ಮರಿಯನ್ನು ತಿರುಗಿ ಮನೆಗೆ ಹೊಡೆದುಕೊಂಡು ಬರುತ್ತಿದ್ದ. ಒಂದು ದಿನ ಹೊನ್ನೂರಮ್ಮ ಮರಿಯ ಬೆನ್ನು ಸವರಿದಳು, ಕೈ ಜಾರಿತು. ಮೂಸಿ ನೋಡಿದಳು. ಔಡಲೆಣ್ಣೆ! ನೀರು ಮೈಗೆ ತಾಗದ ಹಾಗೆ ಗಂಡ ದಪ್ಪಗೆ ಮೆತ್ತಿದ್ದ.

"ನನ್ನ ಜೀವಕ್ಕ ಕೊಟ್ಟ ಮಾತಿಗೆ ಎಣ್ಣಿ ಹಚ್ಚಿದಿಯೇನು? ನನಗೊಬ್ಬ ಅಣ್ಣ ಇದ್ದಿದ್ರ ನಿನ್ನ ಜುಟ್ಟು ಹಿಡದು ಕೇಳ್ತಿದ್ದ!" ಎಂದು ಅವಳು ಗಂಟು ಕಟ್ಟಿದಳು. "ಮೈ ಜಾಡಿಸೂದನ್ನ ನನ್ನ ಕಣ್ಣಿಲೆ ನೋಡಬೇಕು. ಅಲ್ಲೀತನ ಈ ಹೊಸ್ತಿಲಾ ದಾಟಂಗಿಲ್ಲ."

ಸಿರುಗುಪ್ಪದ ತವರಿಗೆ ಹೋದಳು. ಗಾಳೆಪ್ಪ ತಾನೇ ಬಡಿದ ರೊಟ್ಟಿಯನ್ನು ನಾಯಿಗೆ ಹಾಕಿದರೆ, ನಾಯಿ ರೊಟ್ಟಿ ಮೂಸಿ ಅವನ ಮುಖ ನೋಡುತ್ತಿತ್ತು. ಕೊನೆಗೆ ಸೋತು, ಬರುವ ಮಂಗಳವಾರ ಹರಕೆ ತೀರಿಸುತ್ತೇನೆ, ಬಾ, ಎಂದು ಹೇಳಿಕಳಿಸಿದ. ಸೋಮವಾರ ಮರಿಗೆ ಸೀಗೆಪುಡಿ ಹಾಕಿ ತಿಕ್ಕಿ ತೊಳೆದ, ಅರಿಶಿನ ಬಳಿದ, ಊರಮ್ಮನ ಹೆಸರು ಹೇಳಿ ಹೊಸ ಹಗ್ಗದಿಂದ ಬಂಡೆಯ ಹತ್ತಿರದ ಗೂಟಕ್ಕೆ ಕಟ್ಟಿದ. ಮೇವು ಅಲ್ಲಿ ಚೆನ್ನಾಗಿತ್ತು ನೋಡಿ, ಅದಕ್ಕೆ.

ಬೆಳಿಗ್ಗೆ ಎದ್ದು ಬಂದರೆ ಗೂಟ ಇತ್ತು, ಹಗ್ಗವೂ ಇತ್ತು. ಹಗ್ಗದ ಇನ್ನೊಂದು ತುದಿ ಮಾತ್ರ ಹೆಬ್ಬಾವಿನ ಬಾಯೊಳಗೆ ಹೋಗಿತ್ತು. ನಡುವೆ ಹೊಟ್ಟೆ ಜೋಳದ ಚೀಲದ ಹಾಗೆ ಉಬ್ಬಿ, ಕಟ್ಟಿದ ಎಮ್ಮೆಯಂತೆ ಹಾವು ಗೂಟದ ಪಕ್ಕ ಬಿದ್ದುಕೊಂಡಿತ್ತು.

"ಉಗುಳಲೇ!" ಗಾಳೆಪ್ಪ ಹಗ್ಗ ಜಗ್ಗಿದ. "ನಮ್ಮಪ್ಪನ ಕಾಲದಿಂದ ಹೆಗ್ಗಣ ತಿಂದಿ, ಇವತ್ತೇ ಬಾಯಿ ಕೆಟ್ಟೈತೇನು ನಿಂದು? ನನ್ನ ಹೆಣ್ತಿ ಬರ್ತಾಳಲೇ!"

ಹಾವು ಮಿಸುಕಲಿಲ್ಲ. ಪೂಜಾರಿ ಎರ್ರಣ್ಣ ಓಡಿಬಂದ. ಊರೂ ಬಂತು. ಎರ್ರಣ್ಣ ಗಡ್ಡ ಕೆರೆದುಕೊಂಡು ತೀರ್ಮಾನ ಹೇಳಿದ: "ಹಗ್ಗ ಕಟ್ಟಿದ್ದು ಅಮ್ಮನ ಹೆಸರ್ಲೆ. ಹಗ್ಗದ ತುದಿಗೆ ಏನೈತೋ ಅದೇ ಹರಕಿ."

"ಹಾವಿನ ಮ್ಯಾಲೆ ಕತ್ತಿ ಎತ್ತಾಕ ಬರ್ತೈತೇನೋ ಮಾರಾಯ?" ಎಂದ ಗಾಳೆಪ್ಪ.

"ಬಿಡ್ತು ಅನ್ನು! ಆ ಮಾತು ಆಮ್ಯಾಲೆ. ಮೊದ್ಲು ಮೈ ಜಾಡಿಸ್ಲಿ."

ಗಂಡಸರೆಲ್ಲ ಸೇರಿ ಗೂಟದಿಂದ ಹಗ್ಗ ಬಿಚ್ಚಿ, ಹಾವನ್ನು ಕಂಬಳಿಯ ಮೇಲೆ ಹೊರಳಿಸಿ, ಎಳೆದು, ಬೇವಿನ ಮರದ ಕೆಳಗೆ ತಂದರು. ಎರ್ರಣ್ಣ ಅರಿಶಿನ ಹಚ್ಚಿ ನೀರು ಚಿಮುಕಿಸಿದ. ಎಲ್ಲರೂ ಉಸಿರು ಹಿಡಿದು ನೋಡಿದರು. ಹಾವು ಅಲುಗಲಿಲ್ಲ. "ಜಾಡ್ಸಪ್ಪ, ಒಂದೀಟು ಜಾಡ್ಸು, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಗಾಳೆಪ್ಪ ಅಂಗಲಾಚಿದ.

"ಕಾಲೆಲ್ಲೈತಲೇ ಅದಕ್ಕ?" ಎಂದು ಗುಂಪಿನಲ್ಲಿ ಯಾರೋ ಕೂಗಿದರು.

ಅಷ್ಟರಲ್ಲಿ ಬಸ್ಸಿಳಿದು ಹೊನ್ನೂರಮ್ಮ ಬಂದಳು, ಮುಖವೆಲ್ಲ ಇದ್ದಲ ಮಸಿ. ಅರಿಶಿನ ಬಳಿದ ಹೆಬ್ಬಾವನ್ನು ನೋಡಿದಳು, ಬೆವರುತ್ತಿದ್ದ ಗಂಡನನ್ನು ನೋಡಿದಳು.

"ಇದರ ಬೆನ್ನಿಗೂ ಎಣ್ಣಿ ಹಚ್ಚಿದಿಯೇನು?"

"ಅಮ್ಮನಾಣಿ, ಇಲ್ಲ! ಇದರ ಮೈಯೇ ಹಂಗೈತಿ!"

"ಸರಿ ಅತ್ಲಾಗ." ಅವಳು ಎರ್ರಣ್ಣನ ಕೈಯಿಂದ ಬಿಂದಿಗೆ ಕಿತ್ತುಕೊಂಡು, ಹಾವಿನ ತಲೆಯಿಂದ ಬಾಲದ ತನಕ ತಣ್ಣೀರು ಸುರಿದಳು.

ಹಾವಿನ ಹೊಟ್ಟೆಯಲ್ಲಿ ಒಂದು ಅಲೆ ಎದ್ದಿತು. ಬಾಯಿ ಹೊಸ್ತಿಲಷ್ಟು ಅಗಲವಾಯಿತು. ಮೊದಲು ಮರಿಯ ಹಿಂಗಾಲು, ಆಮೇಲೆ ಹೊಟ್ಟೆ, ಕಡೆಗೆ ಹಗ್ಗ ಕಟ್ಟಿದ ಕುತ್ತಿಗೆ, ಎಲ್ಲ ಲೋಳೆಲೋಳೆಯಾಗಿ ಜಾರಿ, ನೇರ ಊರಮ್ಮನ ಕಲ್ಲಿನ ಮುಂದೆ ಬಿದ್ದಿತು. ಮರಿಯ ಜೀವ ಯಾವಾಗಲೋ ಹೋಗಿತ್ತು. ಹಗುರಾದ ಹಾವು ಕುತ್ತಿಗೆಯಿಂದ ಬಾಲದ ತನಕ ಒಮ್ಮೆ ಮೈಯೆಲ್ಲ ಜಾಡಿಸಿತು.

"ಒಪ್ಪಿದ್ಳು! ಅಮ್ಮ ಒಪ್ಪಿದ್ಳು!" ಎರ್ರಣ್ಣ ಕುಣಿದ.

ಗಾಳೆಪ್ಪ ಮರಿಯ ಪಕ್ಕ ಕೂತು ಅತ್ತ, ಆಮೇಲೆ ಹೆಂಡತಿಯ ಮುಖ ನೋಡಿ ನಕ್ಕ. ಮರಿಯನ್ನು ಬೇವಿನ ಬುಡದಲ್ಲಿ ಹೂಳಿದರು. ಸಾರಿನ ಆಸೆಗೆ ಬಂದಿದ್ದ ಊರವರು ರೊಟ್ಟಿ ಬದನೆಕಾಯಿ ಪಲ್ಯ ತಿಂದು, ಗಾಳೆಪ್ಪನ ವಂಶವನ್ನೆಲ್ಲ ಬೈದುಕೊಂಡು ಹೋದರು. ಹೊನ್ನೂರಮ್ಮ ಮಾತ್ರ ಬಂಡೆಯ ಕಡೆ ತೆವಳುತ್ತಿದ್ದ ಹಾವಿಗೆ ಕೈಮುಗಿದಳು.

"ಅಣ್ಣ ಇಲ್ಲ ಅಂದಿದ್ನೆಲ್ಲ, ಇವತ್ತ ಸಿಕ್ಕ" ಎಂದವಳೇ ಮನೆಯ ಹೊಸ್ತಿಲು ದಾಟಿದಳು.

ಅಲ್ಲಿಂದ ಮುಂದೆ ಪ್ರತಿ ನಾಗರಪಂಚಮಿಗೂ ಅಣ್ಣನಿಗೆಂದು ಎಳ್ಳುಂಡಿ ಕಟ್ಟಿದಳು. ಒಯ್ದು ಕೊಡುವ ಕೆಲಸ ಗಾಳೆಪ್ಪನದು. ಸಂತೆಯಲ್ಲಿ ಜಂಬ ಕೊಚ್ಚುವ ಆ ಗಂಡು, ಬಂಡೆಗೆ ಇನ್ನೂ ದೂರವಿರುವಾಗಲೇ ಉಂಡಿಯ ಗಂಟನ್ನು ನೆಲಕ್ಕಿಟ್ಟು ಕೂಗುತ್ತಿದ್ದ:

"ಭಾವಾ, ಉಂಡಿ ಇಟ್ಟೀನಿ! ಎದ್ದು ಬರೂದೇನು ಬ್ಯಾಡ್ರಿ, ಕುಂದರ್ರಿ, ಕುಂದರ್ರಿ!"