ಹೊಲದಲ್ಲಿ ಸಿಕ್ಕ ಅರಳೆಲೆ

ಹೋದ ವರ್ಷ ಮುಂಗಾರು ಹಿಡಿದ ಮೇಲೆ ನನ್ನ ತಮ್ಮ ಮೆಕ್ಕೆಜೋಳ ಬಿತ್ತಿಸುತ್ತಿದ್ದ. ನಾನು ಹಗರಿಬೊಮ್ಮನಹಳ್ಳಿಯಿಂದ ತವರಿಗೆ ಹೋಗಿದ್ದೆ. ಅವ್ವ ತೀರಿಕೊಂಡ ಮೇಲೆ ತವರಿಗೆ ಹೋಗಲು ಏನಾದರೊಂದು ನೆಪ ಬೇಕಾಗುತ್ತದೆ. ಆ ಸಲ ಬಿತ್ತುವವರಿಗೆ ಬುತ್ತಿ ಒಯ್ಯುವುದೇ ನೆಪವಾಯಿತು.

ನೀಲಗುಂದದ ಹತ್ತಿರ ಇರುವ ಆ ಹೊಲ ತಾತನ ಕಾಲದ್ದು. ಬದುವಿನ ಪಕ್ಕ ಮಳೆನೀರು ಮಣ್ಣು ಕೊರೆದ ಕಡೆ ಕಪ್ಪಗೆ ಒಂದು ತಗಡಿನ ತುಂಡು ಕಂಡಿತು. ಎತ್ತಿ ಸೆರಗಿನಿಂದ ತಿಕ್ಕಿದಾಗ ಬಿಳುಪು ಹೊಳೆಯಿತು. ಬೆಳ್ಳಿ. ಅರಳಿ ಎಲೆಯ ಆಕಾರ, ತುದಿ ಸ್ವಲ್ಪ ಮಡಚಿಕೊಂಡಿತ್ತು, ಮೇಲಿನ ಅಂಚಿಗೆ ದಾರ ಪೋಣಿಸುವಂಥ ಎರಡು ಕಿವಿ. ನಡುವೆ ಒಂದು ಹೂವು, ಸುತ್ತ ಜೋಳದ ಕಾಳಿನಂಥ ಚುಕ್ಕಿಗಳು. ಒಂದು ಕಿವಿ ಸವೆದು ಕೂದಲೆಳೆಯಷ್ಟಾಗಿತ್ತು.

ತಮ್ಮ ನೋಡಿದವನೇ, "ದೇವರ ಮೂರ್ತಿದು ಇರಬೇಕು. ಯಾರಿಗೂ ತೋರಿಸಬ್ಯಾಡಕ್ಕ. ನಾಳಿ ನಿಧಿ ಸಿಕ್ಕೈತಿ ಅಂತ ಹೊಲಾನ ಅಗದುಬಿಡ್ತಾರ" ಎಂದ. ಅವನು ಹಾಗೆ ಹೇಳುವ ಹೊತ್ತಿಗೆ ನಾನು ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿಯಾಗಿತ್ತು. ದಾವಣಗೆರೆಯಲ್ಲಿ ಓದುವ ತಮ್ಮನ ಮಗಳು ಅದು ಲಾಕೆಟ್ ಎಂದಳು. ನಾದಿನಿ ಎತ್ತಿನ ಹಣೆಗೆ ಕಟ್ಟುವುದು ಎಂದಳು. ಕೊಟ್ಟೂರಿಗೆ ಒಯ್ದು ತೋರಿಸಿದಾಗ ನಮ್ಮ ಪರಿಚಯದ ಅಕ್ಕಸಾಲಿಗರು ಅಂಗೈಯಲ್ಲಿಟ್ಟು ತೂಗಿ, "ಬೆಳ್ಳಿ ಖರೇ ರೀ ಅಕ್ಕಾರ, ಹಳೇ ಕೆಲಸ. ಸೊಂಟದ ಡಾಬಿನ ತುಂಡೇನೋ ಅನ್ನಬೇಕಂದ್ರ ಡಾಬಿಗೆ ಹಿಂಗ ಕಿವಿ ಇರಂಗಿಲ್ಲ. ಯಾರನ್ನರ ಹಿರೇರ್ನ ಕೇಳಿ ನೋಡ್ರಿ" ಎಂದರು.

ನನಗೆ ಹಿರಿಯರೆಂದರೆ ಅವ್ವ. ಹಳೆಯ ಸಂಬಂಧ, ಹಳೆಯ ಪಾತ್ರೆ, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು ಎಂಬುದು, ಎಲ್ಲವನ್ನೂ ಅವಳನ್ನೇ ಕೇಳುತ್ತಿದ್ದೆ. ಆ ವಾರವೆಲ್ಲ ಆ ಎಲೆ ಪರ್ಸಿನಲ್ಲಿತ್ತು. ತೆಗೆದು ನೋಡಿದಾಗಲೆಲ್ಲ ಅವ್ವನಿಗೆ ಫೋನು ಮಾಡಬೇಕೆನಿಸುತ್ತಿತ್ತು. ಅವಳ ನಂಬರನ್ನು ನಾನಿನ್ನೂ ಅಳಿಸಿಲ್ಲ.

ಆ ತಲೆಮಾರಿನಲ್ಲಿ ಉಳಿದವಳು ಉಜ್ಜಿನಿಯ ಸೋದರತ್ತೆ ಒಬ್ಬಳೇ, ಅಪ್ಪನ ತಂಗಿ. ಒಂದು ಭಾನುವಾರ ಹೋದೆ. ಅತ್ತೆ ಪಡಸಾಲೆಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕಣ್ಣು ಮಂದವಾಗಿದೆ. ಎಲೆಯನ್ನು ಕೈಗಿಟ್ಟಾಗ ಬೆರಳಾಡಿಸಿ, "ಎಲ್ಲಿ ಸಿಕ್ಕಿತ್ತು?" ಎಂದಳು.

"ನಮ್ಮ ಹೊಲದಾಗ, ಅತ್ತಿ."

ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಅದಲ್ಲ ಇದು" ಎಂದಳು, ತನಗೆ ತಾನೇ ಹೇಳಿಕೊಂಡಂತೆ.

"ಯಾವುದಲ್ಲ?"

"ಇದು ಅರಳೆಲಿ, ಯವ್ವಾ. ಹೆಣ್ಣು ಕೂಸಿನ ಉಡದಾರಕ್ಕ ಕಟ್ತಿದ್ರು. ಆವಾಗ ಕೂಸಿಗೆ ಚಡ್ಡಿ ಎಲ್ಲಿತ್ತು? ಮಾನ ಮುಚ್ಚಾಕ ಮುಂದ ಇದೊಂದು ಎಲಿ ಜೋತಾಡ್ತಿತ್ತು."

ನನಗೆ ನಗು ಬಂತು. ಅತ್ತೆ ನಗಲಿಲ್ಲ. "ನಿಮ್ಮಕ್ಕಗ ಮಾಡಿಸಿದ್ದರಾಗ ಗಿಳಿ ಇತ್ತು. ಇದು ಹೂವು" ಎಂದಳು.

ನನಗೆ ಅಕ್ಕ ಇರಲಿಲ್ಲ. ನಾನು, ನನ್ನ ಬೆನ್ನಿಗೆ ಇಬ್ಬರು ತಮ್ಮಂದಿರು. ವಯಸ್ಸಾದವಳಿಗೆ ನೆನಪು ಕಲಸುತ್ತಿದೆ ಎಂದುಕೊಂಡೆ. ಅತ್ತೆ ನನ್ನ ಮುಖ ನೋಡಿ ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕಿಟ್ಟಳು.

"ನಿಮ್ಮವ್ವ ಹೇಳಲೇ ಇಲ್ಲೇನು? ನಿನ್ನಕಿಂತ ಮೊದಲು ಒಂದು ಹೆಣ್ಣಿತ್ತು. ಅಂಬೆಗಾಲು ಇಡ್ತಿತ್ತು. ಜ್ವರ ಬಂತು. ಹರಪನಹಳ್ಳಿ ದವಾಖಾನಿಗೆ ಅಂತ ಗಾಡಿ ಕಟ್ಟಿದ್ವಿ, ಹಾದ್ಯಾಗ ಹೋತು. ಹಳ್ಳದ ದಂಡ್ಯಾಗ ಮಣ್ಣು ಮಾಡಿದ್ವಿ. ಆ ಹಳ್ಳನೂ ಈಗ ದಿಕ್ಕು ಬದಲಿಸೈತಿ."

ಅತ್ತೆ ಎಲೆಯ ಮೇಲೆ ಮತ್ತೆ ಬೆರಳಾಡಿಸಿದಳು.

"ಕೂಸಿನ ಹೆಸರು ಕಿವಿಗೆ ಬಿದ್ರ ನಿಮ್ಮವ್ವಗ ಎದಿಹಾಲು ಇಳೀತಿತ್ತು. ಕುಬುಸ ತೊಯ್ದು ಹೋಗ್ತಿತ್ತು. ಅದಕ್ಕ ಆ ಹೆಸರು ಮನ್ಯಾಗ ಯಾರೂ ತಗೀಬ್ಯಾಡ್ರಿ ಅಂದ ಅಣ್ಣ, ನಿಮ್ಮಪ್ಪ. ಆಮ್ಯಾಲೆ ನೀ ಹುಟ್ಟಿದಿ. ರೂಢಿ ಹಂಗ ಉಳೀತು."

ಅವ್ವ ನನ್ನನ್ನು ಮುದ್ದಿನಿಂದ ಕರೆಯುತ್ತಿದ್ದುದು ‘ಸಣ್ಣಾಕಿ’ ಎಂದು. ಮನೆಗೆ ನಾನೇ ಹಿರಿಯಳು. ದೊಡ್ಡಾಕಿ ಯಾರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಇಲ್ಲವೋ. ಅಷ್ಟು ವರ್ಷ ಆ ಮಗಳನ್ನು ಅವಳು ನನ್ನ ಹೆಸರಿನ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಆ ಪಡಸಾಲೆಯಲ್ಲಿ ಕುಳಿತು ನನಗೆ ಅವ್ವನ ಮೇಲೆ ಬಂದಂಥ ಕರುಣೆ ಅವಳು ಸತ್ತ ದಿನವೂ ಬಂದಿರಲಿಲ್ಲ.

"ಗಿಳಿ ಇದ್ದ ಎಲಿ ಏನಾತು?" ಎಂದೆ.

"ಆ ವರ್ಷ ಗೊಬ್ಬರಕ್ಕ ಅಂತ ಹೊಲದಾಗ ಕುರಿ ನಿಲ್ಲಿಸಿದ್ವಿ. ಕುರಿಯವರ ಹೆಂಗಸೊಬ್ಬಾಕಿಗೆ ಎಳೀ ಹೆಣ್ಣು ಕೂಸಿತ್ತು. ನಿಮ್ಮವ್ವ ಒಬ್ಬಾಕಿನ ಹೋಗಿ ಆ ಕೂಸಿಗೆ ಕಟ್ಟಿ ಬಂದ್ಲು. ಸತ್ತ ಕೂಸಿಂದು ಮಂದಿ ಕೂಸಿಗೆ ಯಾಕ ಕಟ್ಟಿದಿ ಅಂತ ನಮ್ಮವ್ವ ಬೈದ್ಲು. ‘ಹೇಳೇ ಕಟ್ಟೀನಿ, ಆಕಿ ಬ್ಯಾಡ ಅನ್ನಲಿಲ್ಲ’ ಅಂದ್ಲು ನಿಮ್ಮವ್ವ. ಕುರಿ ಎದ್ದು ಹೋಗಾತನಕ ದಿನಾ ಹೊಲಕ್ಕ ಹೋಗಿ ಆ ಕೂಸಿನ ನೋಡಿ ಬರ್ತಿದ್ಲು."

ಎಲೆಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡು ಮತ್ತೆ ನೋಡಿದೆ. ಸವೆದ ಚುಕ್ಕಿಗಳ ನಡುವೆ ಎಲ್ಲಾದರೂ ಒಂದು ಕೊಕ್ಕು, ಒಂದು ರೆಕ್ಕೆ ಕಂಡೀತೇ ಎಂದು ಓರೆಯಾಗಿ ಹಿಡಿದೆ. ಹೂವೇ ಅದು. ಯಾವುದೋ ಬೇರೆ ಕೂಸಿನದು, ಆಡುತ್ತಾ ಕಳೆದುಕೊಂಡದ್ದು. ಆ ಕೂಸು ಯಾರೋ, ಅದರ ತಾಯಿ ಎಷ್ಟು ಹುಡುಕಿದಳೋ.

ಹೊರಡುವಾಗ ಅಕ್ಕನ ಹೆಸರು ಕೇಳಿದೆ. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಅತ್ತೆ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದಳು. ಅದನ್ನು ನಾನಿಲ್ಲಿ ಬರೆಯುವುದಿಲ್ಲ.

ಮನೆಗೆ ಬಂದು ತಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವನು, "ಹಂಗಾರ ನಿನಗೂ ಒಬ್ಬಾಕಿ ಅಕ್ಕ ಇದ್ಲು" ಎಂದ. ಓಣಿಯವರಿಗೆಲ್ಲ ನಾನು ಅಕ್ಕ. ನನ್ನ ಬಾಯಲ್ಲಿ ಆ ಪದ ಮನೆಯೊಳಗೆ ಒಮ್ಮೆಯೂ ಬಂದದ್ದಿಲ್ಲ.

ಅಕ್ಕ ಮಣ್ಣಾದಳು. ಆದರೆ ಅವಳ ಎಲೆ ಕಟ್ಟಿಕೊಂಡು ಕುರಿಗಳ ಹಿಂದೆ ಹೋದ ಕೂಸು ಬದುಕಿದ್ದರೆ ಈಗ ನನಗಿಂತ ಒಂದೆರಡು ವರ್ಷ ದೊಡ್ಡವಳು, ಕೂಡ್ಲಿಗಿ ಕಡೆಯೋ ಹಡಗಲಿ ಕಡೆಯೋ ಮೊಮ್ಮಕ್ಕಳೊಂದಿಗೆ ಇರಬಹುದು. ಬಸ್ಸಿನಲ್ಲಿ ಆ ವಯಸ್ಸಿನ ಹೆಂಗಸು ಪಕ್ಕಕ್ಕೆ ಬಂದು ಕುಳಿತರೆ ಊರು ಯಾವುದು, ಮನೆಯಲ್ಲಿ ಕುರಿ ಇದ್ದವೇ ಎಂದು ಕೇಳುತ್ತೇನೆ. ಗಿಳಿಯ ಮಾತು ಮಾತ್ರ ಬಾಯಿಗೆ ಬರುವುದಿಲ್ಲ.

ಮೊನ್ನೆ ಹರಪನಹಳ್ಳಿ ಬಸ್ಸಿನಲ್ಲಿ ಅಂಥ ಒಬ್ಬಾಕೆ ಸಿಕ್ಕಿದ್ದಳು. ಇಳಿಯುವ ಸ್ಟಾಪು ಬಂದಾಗ ಎದ್ದು ನಿಂತು, "ಆ ಚೀಲ ಹಂಗ ಸ್ವಲ್ಪ ಕೊಡ, ತಂಗಿ" ಎಂದಳು. ನಾನು ಚೀಲವನ್ನು ಎತ್ತಿಕೊಂಡು ಬಾಗಿಲ ತನಕ ಅವಳ ಹಿಂದೆಯೇ ಹೋದೆ.