ಯುರೋಪಿನ ಬೆಂಚಿನ ಮೇಲೆ ಮಲಗಿದವನು

ಯುರೋಪಿನಿಂದ ಬಂದು ತಿಂಗಳಾದರೂ ನಮ್ಮ ಚಿಕ್ಕಮ್ಮನ ಮಗ ತನ್ನ ಬೆನ್ನುಚೀಲಕ್ಕೆ ಅಂಟಿಸಿದ ವಿಮಾನದ ಚೀಟಿಯನ್ನು ಕಿತ್ತಿಲ್ಲ. ಇಂದು ಬೆಳಿಗ್ಗೆ ಶಿವಮೊಗ್ಗದಿಂದ ನ್ಯೂ ಟೌನಿನ ನಮ್ಮ ಮನೆಗೆ ಅದನ್ನೇ ಹೊತ್ತು ಬಂದಿದ್ದ.

"ದುಡ್ಡು ಉಳಿಸೋಕೆ ರೈಲ್ವೆ ಸ್ಟೇಷನ್ ಬೆಂಚ್ ಮೇಲೆ ಮಲಗ್ತಿದ್ದೆ ದೊಡ್ಡಮ್ಮ. ಊಟಕ್ಕೆ ಬರೀ ಬ್ರೆಡ್ಡು."

"ಎಷ್ಟು ಧೈರ್ಯ ನೋಡು!" ಎಂದು ಅಮ್ಮ ಇನ್ನೊಂದು ದೋಸೆ ಹಾಕಿದಳು.

ನಾನೂ ಬಾಯಿಬಿಟ್ಟೆ. "ಟ್ಯೂಷನ್ ದುಡ್ಡು ಕೂಡಿಟ್ಟಿದ್ದೀನಮ್ಮ. ನಾನೂ ಹಾಗೇ ಹೋಗ್ಬರ್ತೀನಿ."

"ನೀನು ಓದುವಾಗ ಶಂಕರಘಟ್ಟದ ಯೂನಿವರ್ಸಿಟಿ ಬಸ್ಸು ಲೇಟಾದ್ರೇ ನಿಮ್ಮಪ್ಪ ಸ್ಟಾಪಲ್ಲಿ ನಿಂತಿರ್ತಿದ್ರು. ಯುರೋಪಂತೆ!"

"ಹುಡುಗೀರಿಗೆಲ್ಲ ಆಗಲ್ಲ ಮಾರಾಯ್ತಿ, ತುಂಬಾ ಕಷ್ಟ," ಎಂದ ಈ ಧೈರ್ಯವಂತ, ಹೊರಡುವಾಗ ಬಸ್ಸಿನಲ್ಲಿ ರಶ್ಶೆಂದು ತನ್ನ ಅಪ್ಪನಿಗೆ ಫೋನ್ ಮಾಡಿ ಕಾರು ತರಿಸಿಕೊಂಡ.

ಗೆಳೆಯರೇ, ನಾಳೆ ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತೇನೆ. ಅಮ್ಮನಿಗೆ ನೀವು ಹೇಳುವುದು ಬೇಡ. ವಿಚಾರಣೆಗೆ ಮನೆಗೆ ಬರುವ ಪೊಲೀಸರೇ ಹೇಳುತ್ತಾರೆ.